ಆಡಿನ ಕಾಲಿನ ಕೆಸರು

ಅವರ ಮುಖದ ಸುಕ್ಕುಗಳೆಲ್ಲ ಎಡಗಡೆಯಲ್ಲೇ ಇದ್ದವು. ಮೂವತ್ತು ವರ್ಷ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಸರ್ವೆ ಉಪಕರಣದ ಹಿತ್ತಾಳೆಯ ಸೀಳಿನೊಳಗೆ ಬೆಟ್ಟ ನೋಡಿದವರ ಮುಖ ಹಾಗಾಗುತ್ತದಂತೆ. ಬಲಗಡೆಯಿಂದ ನೋಡಿದರೆ ನಲವತ್ತರ ಗೃಹಸ್ಥ. ಎಡಗಡೆಯಿಂದ ನೋಡಿದರೆ ಪಿಂಚಣಿಗೆ ಕಾಯುತ್ತಿರುವ ಮುದುಕ. ಎದುರಿನಿಂದ ನೋಡುವ ಧೈರ್ಯ ನಮ್ಮ ಕಚೇರಿಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಅವರ ವಯಸ್ಸಿನ ವಿಷಯದಲ್ಲಿ ನಮ್ಮೊಳಗೆ ಎರಡು ಪಂಗಡಗಳಿದ್ದವು. ಯಾರು ಅವರ ಯಾವ ಪಕ್ಕದಲ್ಲಿ ಕೂರುತ್ತಿದ್ದರು ಎನ್ನುವುದರ ಮೇಲೆ ಪಂಗಡ ನಿರ್ಧಾರವಾಗುತ್ತಿತ್ತು.

ನಾವು ಅವರನ್ನು ಪಡತಾಳದವರು ಎನ್ನುತ್ತಿದ್ದೆವು. ಪಡತಾಳ ಎಂದರೆ ನಕ್ಷೆಯ ಕಸುಬಿನಲ್ಲಿ ತನಿಖೆ. ಒಬ್ಬ ಸರ್ವೆಯರ್ ಬೆಟ್ಟ ಹತ್ತಿ ನಕ್ಷೆ ಬರೆದು ಇಳಿದ ಮೇಲೆ, ಇನ್ನೊಬ್ಬ ಹಿರಿಯ ಅದೇ ಬೆಟ್ಟವನ್ನು ತನಗೆ ಖುಷಿಬಂದ ಕಡೆಯಿಂದ ಹತ್ತಿ, ಮೊದಲನೆಯವನು ಎಲ್ಲೆಲ್ಲಿ ಸುಳ್ಳು ಬರೆದಿದ್ದಾನೆಂದು ಪತ್ತೆಮಾಡುವುದು. ಸರ್ಕಾರ ತನ್ನ ನೌಕರರ ಮೇಲೆ ಇಟ್ಟಿರುವ ವಿಶ್ವಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಂಬತ್ತರ ದಶಕದ ಮಾತು. ತುಮಕೂರು ಕಡೆಯವನಾದ ನಾನು ಡ್ರಾಫ್ಟ್ಸ್‌ಮನ್ ಆಗಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಿದ್ದೆ. ದ್ವಾರಕಾ ನಗರದಲ್ಲಿ ಒಂದು ಬ್ಯಾಂಕಿನ ಮೇಲಿನ ಮಹಡಿ ನಮ್ಮ ಕಚೇರಿ. ಕೆಳಗೆ ಬ್ಯಾಂಕಿನಲ್ಲಿ ಮೂವರು ಕನ್ನಡಿಗ ಗುಮಾಸ್ತರು, ಮೇಲೆ ನಾನೊಬ್ಬ. ನಾಲ್ವರೂ ಮಧ್ಯಾಹ್ನದ ಕಾಫಿಗೆ ಸೇರಿ ಗೋಂಗೂರ ಸೊಪ್ಪಿನ ಹುಳಿಯನ್ನು ಖಂಡಿಸಿ ನಿರ್ಣಯ ಪಾಸು ಮಾಡಿ, ಸಂಜೆ ಮನೆಗೆ ಹೋಗಿ ಅದನ್ನೇ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದೆವು. ಸಮುದ್ರದ ಗಾಳಿ ಬರುವ ಕಿಟಕಿ, ಮಣಿಕಟ್ಟಿನ ಬೆವರು ನಕ್ಷೆಯ ಶೀಟಿಗೆ ತಾಗದಂತೆ ಕೆಳಗೊಂದು ಒತ್ತುಕಾಗದ, ಕೈಯಲ್ಲಿ ಮಸಿಯ ಪೆನ್ನು. ಬೆಟ್ಟಗಳನ್ನು ನಾನು ಪ್ರೀತಿಸುತ್ತಿದ್ದೆ. ಅವು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತಿದ್ದವು.

ಪಡತಾಳದವರು ತೆಲುಗರು. ಹೆಂಡತಿ ಬಳ್ಳಾರಿಯವರು. ಹೀಗಾಗಿ ತೆಲುಗು ಜಗತ್ತಿಗೆ, ಇಂಗ್ಲಿಷು ಫೈಲಿಗೆ, ಕನ್ನಡ ಹೆಂಡತಿಗೆ ಮತ್ತು ನನಗೆ ಎಂದು ಹಂಚಿಕೆ ಮಾಡಿಕೊಂಡಿದ್ದರು. ಹೆಂಡತಿಯ ಪಾಲಿನ ಕನ್ನಡ ಹೇಗಿತ್ತೋ ನಾನರಿಯೆ. ನನ್ನ ಪಾಲಿಗೆ ಬಂದದ್ದರಲ್ಲಿ ಒಂದು ಒಳ್ಳೆಯ ಮಾತಿರಲಿಲ್ಲ. ಪರವೂರಿನಲ್ಲಿ ನನ್ನ ಭಾಷೆ ಮಾತಾಡುವ ಒಬ್ಬ ಮೇಲಧಿಕಾರಿ ಸಿಕ್ಕನೆಂದು ಮೊದಲ ದಿನ ಹಿಗ್ಗಿದ್ದೆ. ಎರಡನೆಯ ದಿನ ನನ್ನ ಶೀಟನ್ನು ತಂದು, ಎಲ್ಲರೂ ನೋಡುವ ಹಾಗೆ, ಮೇಜಿನ ಮೇಲೆ ಹರಡಿದರು.

"ಏನಪಾ, ಈ ಬೆಟ್ಟದ ತುದೀ ಮ್ಯಾಲೆ ಒಂದು ಚೊಂಬು ನೀರು ಸುರುವಿದ್ರೆ ಎಲ್ಲಿಗೆ ಹೋಗತೈತಿ? ಬೆರಳಿಟ್ಟು ತೋರ್ಸು."

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗೆ ನಮ್ಮಲ್ಲಿ ಕಾಂಟೂರು ಎನ್ನುತ್ತಾರೆ. ಆ ಗೆರೆಗಳ ನಡುವೆ ನಾನು ಬೆರಳು ಜಾರಿಸುತ್ತ ಹೋದೆ. ಅರ್ಧ ದಾರಿಯಲ್ಲಿ ಬೆರಳು ನಿಂತಿತು. ನೋಡಲು ಅಂದವಾಗಿರಲಿ ಎಂದು ಒಂದು ಕಡೆ ಗೆರೆಯನ್ನು ಕೊಂಚ ನುಣುಪಾಗಿ ಬಳುಕಿಸಿದ್ದೆ. ಅಲ್ಲಿ ನನ್ನ ಚೊಂಬಿನ ನೀರು ಬೆಟ್ಟ ಹತ್ತಲು ಶುರುಮಾಡಿತ್ತು.

"ಭಗೀರಥ ಗಂಗೀನ ಇಳಿಸಿದ," ಎಂದರು. "ನೀನು ಹತ್ತಿಸಿದಿ. ಅವನಿಗಿಂತ ದೊಡ್ಡೋನು ನೀನು. ನಿನ್ನ ಕುರ್ಚಿ ಮ್ಯಾಲೆ ಕುಂದ್ರಿಸಿದ್ದು ನಮ್ಮದೇ ತಪ್ಪು."

ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದರು, ಉಳಿದವರು ನಗುವ ಅವಕಾಶದಿಂದ ವಂಚಿತರಾಗಬಾರದೆಂದು. ಮುಂದಿನ ವಾರ ನನಗೆ ಫೀಲ್ಡ್ ಆರ್ಡರು ಬಂತು. ಕೆಳಗೆ ಅವರ ರುಜು.

ಹೆಂಡತಿ ಮಗಳನ್ನು ವಿಶಾಖಪಟ್ಟಣದಲ್ಲೇ ಬಿಟ್ಟು ವಿಜಯವಾಡಕ್ಕೆ ಬಂದೆ. ಬೆಂಜ್ ಸರ್ಕಲ್ಲಿನ ಹಿಂದಿನ ಸಂದಿಯಲ್ಲಿ ಬಾಡಿಗೆಗೆ ಹಿಡಿದ ಮನೆಯೊಂದು ನಮ್ಮ ಫೀಲ್ಡ್ ಪಾರ್ಟಿಯ ಠಾಣೆ. ವಿಜಯವಾಡದ ಬೇಸಿಗೆಯ ಬಗ್ಗೆ ಬರೆದವರು ಬಹಳ; ನಾನು ಹೆಚ್ಚಿಗೆ ಹೇಳುವುದಿಲ್ಲ. ಬಕೆಟ್ಟಿನಲ್ಲಿಟ್ಟ ತಣ್ಣೀರು ಸ್ನಾನದ ಹೊತ್ತಿಗೆ ತಾನಾಗಿ ಕಾದಿರುತ್ತಿತ್ತು, ಕಾದದ್ದನ್ನು ತಣಿಸಲು ಇನ್ನೊಂದು ಬಕೆಟ್ಟಿನ ತಣ್ಣೀರು ಹುಡುಕಬೇಕಿತ್ತು ಎಂದಷ್ಟೇ ದಾಖಲಿಸಿ ಮುಂದೆ ಹೋಗುತ್ತೇನೆ. ಅಲ್ಲಿಂದ ಜೀಪಿನಲ್ಲಿ ಹೊರಟು, ಕೊಂಡಪಲ್ಲಿ ದಾಟಿ, ಕರೆಂಟು ಸ್ಥಾವರದ ಹೊಗೆ ಹಿಂದಕ್ಕೆ ಬಿದ್ದು, ಟಾರು ಮುಗಿದು, ಆಮೇಲೆ ಮಣ್ಣೂ ಮುಗಿದು, ಬರಿಯ ಕಲ್ಲು ಶುರುವಾಗುವಲ್ಲಿ ನಮ್ಮ ಟೆಂಟು. ಕೊಂಡಪಲ್ಲಿಯಲ್ಲಿ ಮಗಳಿಗೊಂದು ಮರದ ಬೊಂಬೆ ಕೊಳ್ಳೋಣವೆಂದು ಜೀಪು ನಿಲ್ಲಿಸಲು ಕೇಳಿದೆ.

"ಬೊಂಬೀನ ತರೋದಕ್ಕ ಗೌರ್ಮೆಂಟು ಜೀಪು ಕೊಟ್ಟಿಲ್ಲ. ಬೊಂಬೀನ ಒಯ್ಯೋದಕ್ಕ ಕೊಟ್ಟೈತಿ," ಎಂದು, ನಮ್ಮನ್ನು ಟೆಂಟಿಗೆ ಬಿಡಲು ಬಂದಿದ್ದ ಪಡತಾಳದವರು ನನ್ನ ಕಡೆ ನೋಡಿದರು.

ಆ ಬೆಟ್ಟಸಾಲು ಹೆಸರಿಗೆ ಅರಣ್ಯ. ಎದೆಯೆತ್ತರದ ಮುಳ್ಳು, ಬಿಸಿಲಿಗೆ ಬಿರಿದ ಬಂಡೆ, ಎಲೆಯನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಗಿಡಗಳು. ಹುಲ್ಲು ಒಣಗಿ ತಂತಿಯಾಗಿತ್ತು. ಅದನ್ನೇ ನಂಬಿ ಕೆಳಗಿನ ಹಟ್ಟಿಯ ಕುರುಬರು ಆಡು ಕುರಿ ಹೊಡೆದುಕೊಂಡು ಬರುತ್ತಿದ್ದರು. ಎತ್ತರಕ್ಕೆ ಹೋದಷ್ಟೂ ಜನ ವಿರಳ, ಕಲ್ಲು ಧಾರಾಳ. ಹಲಗೆಯನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅದರ ಮೇಲೆ ಕಾಗದ ಬಿಗಿದು, ದೂರದ ತುದಿಗಳನ್ನು ನೋಡಿ ಗೆರೆಯೆಳೆಯುವುದು ನಮ್ಮ ಕೆಲಸ. ಹಲಗೆ ಮುಟ್ಟಿದರೆ ಚರ್ಮ ಸುಡುತ್ತಿತ್ತು.

ನಕ್ಷೆ ಯಾಕೆ ಬೇಕಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಆ ಬೆಟ್ಟಗಳಿಗೆ ಗಿಡ ನೆಡುವ ಒಂದು ಯೋಜನೆ ಬರುತ್ತಿತ್ತು. ಗಿಡ ನೆಟ್ಟ ಕಡೆ ತಂತಿ ಬೇಲಿ. ಬೇಲಿಯೊಳಗೆ ವರ್ಷಗಟ್ಟಲೆ ಯಾವ ಆಡೂ ಕಾಲಿಡುವಂತಿಲ್ಲ. ಎಲ್ಲಿ ಬೇಲಿ ಹಾಕಬೇಕು? ನಕ್ಷೆಯಲ್ಲಿ ಎಲ್ಲಿ ದಾರಿಯೂ ಇಲ್ಲ, ನೀರೂ ಇಲ್ಲವೋ ಅದು ಯಾರೂ ಬಳಸದ ಜಾಗ, ಅಲ್ಲಿ ಹಾಕಬಹುದು. ದಾರಿ, ನೀರು ಇದ್ದರೆ ಅವನ್ನು ಬಿಟ್ಟು ಹಾಕಬೇಕು. ನಮಗೆ ಬಂದ ಸೂಚನೆಯ ಕಾಗದದಲ್ಲಿ ಇದು ಎರಡು ಸಾಲಿನಲ್ಲಿತ್ತು. ಕುರುಬರಿಗೆ ಆ ಎರಡು ಸಾಲನ್ನು ಯಾರೂ ಓದಿ ಹೇಳಿರಲಿಲ್ಲ.

ಓದಿ ಹೇಳಲು ಹತ್ತಿರ ಬಿಟ್ಟರಲ್ಲವೇ? ನಾವು ಗುರುತಿಗೆಂದು ಕಟ್ಟಿದ ಕಲ್ಲುಗುಡ್ಡೆಗಳನ್ನು ಬೆಳಗಾಗುವಷ್ಟರಲ್ಲಿ ಕೆಡವಿರುತ್ತಿದ್ದರು. ನೆಟ್ಟ ಕೆಂಪು ಬಾವುಟ ಮಾರನೆಯ ದಿನ ಒಬ್ಬನ ರುಮಾಲಾಗಿ ತಿರುಗಾಡುತ್ತಿತ್ತು. ದಾರಿ ಕೇಳಿದರೆ ಮುಳ್ಳಿನ ನಡುಮಧ್ಯಕ್ಕೆ ಕೊನೆಯಾಗುವ ದಾರಿ ತೋರಿಸಿ, ನಾವು ಒಳಗೆ ಹೋಗುವವರೆಗೆ ಗಂಭೀರವಾಗಿ ನಿಂತು, ಆಮೇಲೆ ನಗುತ್ತಿದ್ದರು. ಹಟ್ಟಿಯ ಹಿರಿಯ ಗುರವಯ್ಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೊಡಲಿ, ಬಾಯಲ್ಲಿ 'ತೆಲೀದು ಸಾಮಿ', ಅಂದರೆ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ ವಿಷಯಗಳನ್ನು ಬರೆದಿದ್ದರೆ ಒಂದು ವಿಶ್ವಕೋಶವಾಗುತ್ತಿತ್ತು. ಅವನ ಕೈಕೆಳಗೆ ನಮ್ಮನ್ನು ದ್ವೇಷಿಸುವ ಕೆಲಸ ಬಹಳ ಶಿಸ್ತಿನಿಂದ ನಡೆಯುತ್ತಿತ್ತು.

ಸೀಜನ್ನು ಮುಗಿಯುವ ಹೊತ್ತಿಗೆ ನನ್ನ ಶೀಟಿನಲ್ಲಿ ಒಂದೇ ಒಂದು ಖಾಲಿ ಜಾಗ ಉಳಿಯಿತು. ಬೆಟ್ಟದ ನೆತ್ತಿಯ ಏಣಿನ ಆಚೆಗೆ ಒಂದು ಆಳವಾದ ಕೊರಕಲು. ಇಳಿಯಲು ಅರ್ಧ ದಿನ, ಹತ್ತಲು ಅರ್ಧ ದಿನ, ನಡುವೆ ಸಾಯಲು ಎಷ್ಟಾದರೂ ಸಮಯ. ಗುರವಯ್ಯನನ್ನು ಕೇಳಿದೆ. ಅಂದು ಮಾತ್ರ ಅವನು ತೆಲೀದು ಎನ್ನಲಿಲ್ಲ.

"ಅಕ್ಕಡ ಏಮೀ ಲೇದು ಸಾಮಿ. ನೀಳ್ಳು ಲೇವು, ದಾರಿ ಲೇದು," ಎಂದ. ಏನೂ ಇಲ್ಲ, ನೀರಿಲ್ಲ, ದಾರಿಯಿಲ್ಲ. ನನ್ನ ಮುಖದ ಮೇಲೆ ಹರಡಿದ ಸಂತೋಷ ನೋಡಿ ಅವನಿಗೂ ಸಂತೋಷವಾಗಿರಬೇಕು. "ದೆಯ್ಯಂ ಕೂಡ ಉಂದಿ," ದೆವ್ವವೂ ಇದೆ, ಎಂದು ಸೇರಿಸಿದ.

ಇಂಥ ಸುಸಜ್ಜಿತ ಸಾಕ್ಷ್ಯವನ್ನು ಅವಮಾನಿಸುವುದು ನನಗೆ ಸರಿಕಾಣಲಿಲ್ಲ. ಏಣಿನ ಮೇಲೆ ಒಂದು ಬಂಡೆಯ ನೆರಳಿನಲ್ಲಿ ಕೂತು, ದುರ್ಬೀನಿನಲ್ಲಿ ಕಂಡಷ್ಟನ್ನು ಕಂಡು, ಕಾಣದ್ದನ್ನು ನನ್ನ ಕಲೆಯಿಂದ ತುಂಬಿಸಿ, ಒಂದು ಮಧ್ಯಾಹ್ನದಲ್ಲಿ ಆ ಕೊರಕಲನ್ನು ಬರೆದು ಮುಗಿಸಿದೆ. ತಳದಲ್ಲಿ ಒಂದು ಒಣ ಹಳ್ಳ. ಈ ಸಲ ನೀರು ಬೆಟ್ಟ ಹತ್ತದಂತೆ ಎಚ್ಚರ ವಹಿಸಿದ್ದೆ; ನೀರೇ ಇಟ್ಟಿರಲಿಲ್ಲ.

ನಾಲ್ಕು ದಿನಕ್ಕೆ ಪಡತಾಳದವರು ಬಂದರು. ಶೀಟು ನೋಡಿದರು. ಸಂಜೆ ನನ್ನನ್ನು ಕರೆದುಕೊಂಡು ಹಟ್ಟಿಯ ಬಾಯಲ್ಲಿ ಒಂದು ಕಲ್ಲಿನ ಮೇಲೆ ಕೂತರು. ಏಣಿನ ಕಡೆಯಿಂದ ಆಡುಗಳು ಇಳಿದು ಬರುತ್ತಿದ್ದವು.

"ಆ ಕರಿ ಆಡು ಹಿಡಿ."

"ಸಾರ್?"

"ಹಿಡಿಯಪಾ. ಅದೇನು ನಿನ್ನ ಗೋಪ್ಯ ವರದಿ ಬರೆಯೋದಿಲ್ಲ."

ನಾನು ಜನ್ಮದಲ್ಲಿ ಆಡು ಹಿಡಿದವನಲ್ಲ. ಹಟ್ಟಿಯ ಹೆಂಗಸರು ಮಕ್ಕಳು ಸಾಲಾಗಿ ನಿಂತು ನೋಡುತ್ತಿರಲು, ಕೇಂದ್ರ ನಕ್ಷೆ ಇಲಾಖೆಯ ಒಬ್ಬ ಖಾಯಂ ನೌಕರ ಒಂದು ಆಡಿನ ಹಿಂದೆ ಮೂರು ಸುತ್ತು ಓಡಿ, ನಾಲ್ಕನೆಯದರಲ್ಲಿ ಅದರ ಮೇಲೆ ಬಿದ್ದು ಹಿಡಿದ.

"ಕಾಲು ನೋಡು."

ನೋಡಿದೆ. ಗೊರಸಿನಿಂದ ಮೊಣಕಾಲಿನವರೆಗೆ ಕೆಸರು. ಇನ್ನೂ ಹಸಿ.

"ನಿನ್ನ ಶೀಟಿನಾಗ ಆ ಕಡೆ ನೀರೈತೇನು?"

"ಇಲ್ಲ ಸಾರ್."

"ಮತ್ತೆ ಈ ಆಡಿಗೆ ನಿನ್ನ ಶೀಟು ಯಾರೂ ತೋರ್ಸಲಿಲ್ಲೇನು?"

ಆಡನ್ನು ಬಿಡಬೇಕೋ ಹಿಡಿದಿರಬೇಕೋ ತಿಳಿಯದೆ ಹಿಡಿದೇ ಇದ್ದೆ. ಆಗ ಗುರವಯ್ಯನ ಮುಖ ಕಂಡಿತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಆಡಿನ ಕಾಲನ್ನು ನೋಡುತ್ತಿದ್ದ. ಮನೆಯೊಳಗೆ ಬಚ್ಚಿಟ್ಟ ಮಗು ಕೆಮ್ಮಿಬಿಟ್ಟರೆ ತಂದೆಯ ಮುಖ ಹೇಗಾಗಬಹುದೋ ಹಾಗಾಗಿತ್ತು.

ಮರುದಿನ ಬೆಳಿಗ್ಗೆ ಹೊರಟಾಗ ಕೊರಕಲಿನ ಬಾಯಲ್ಲಿ ಹಟ್ಟಿಯ ಗಂಡಸರೆಲ್ಲ ನಿಂತಿದ್ದರು. ಕೈಯಲ್ಲಿ ಕಲ್ಲು. ನಮ್ಮ ಸಾಮಾನು ಹೊರುವ ಖಲಾಸಿಗಳು ಕಲ್ಲೇಟು ತಮ್ಮ ಡ್ಯೂಟಿಯಲ್ಲಿ ಬರುವುದಿಲ್ಲವೆಂದು ವಿನಯದಿಂದ ತಿಳಿಸಿ ಅಲ್ಲೇ ಕುಳಿತರು. ಹಲಗೆ ನನ್ನ ಬೆನ್ನಿಗೆ ಬಂತು.

"ಇಷ್ಟೆಲ್ಲ ಬರ್ಕೊಂಡಿರಲ್ಲ ಸಾಮಿ, ಇದೊಂದು ಬಿಡಿ," ಎಂದ ಗುರವಯ್ಯ. ತೆಲುಗಿನಲ್ಲಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತಿದ್ದೇನೆ. "ನಮ್ಮ ಅಪ್ಪನ ಕಾಲದಲ್ಲಿ ಆಚೆ ಬೆಟ್ಟದ ನೀರಿನ ಕುಂಟೆ ಬರ್ಕೊಂಡು ಹೋದರು. ಎರಡು ವರ್ಷಕ್ಕೆ ತಂತಿ ಬಂತು. ಬರೆದದ್ದೆಲ್ಲ ಹೋಗಿದೆ. ಬರೆಯದೆ ಉಳಿದಿರೋದು ಇದೊಂದೇ. ಬೇಸಿಗೆಗೆ ಇದೇ ನಮ್ಮ ಪ್ರಾಣ."

"ಅದು ಬರೆದದ್ದಕ್ಕೆ ಹೋಗಲಿಲ್ಲ," ಎಂದರು ಪಡತಾಳದವರು. ದನಿಯಲ್ಲಿ ಒಂದು ತೊಟ್ಟು ಕರುಣೆ ಇರಲಿಲ್ಲ. "ಅರ್ಧ ಬರೆದದ್ದಕ್ಕೆ ಹೋಯಿತು. ಕುಂಟೆ ಬರೆದರು, ಅದಕ್ಕೆ ಹೋಗೋ ನಿಮ್ಮ ದಾರಿ ಬರೆಯಲಿಲ್ಲ. ಯಾವನೋ ಸೋಮಾರಿ, ನೋಡು, ಇಂಥವನು," ಎಂದು ನನ್ನನ್ನು ತೋರಿಸಿ, "ನೆರಳಲ್ಲಿ ಕೂತು ಬರೆದಿರ್ತಾನೆ. ಇದನ್ನು ಬರೆಯದೆ ಹೋದರೆ ಬರೋ ವರ್ಷ ನೀನೇ ನಿಂತಿರೋ ಜಾಗಕ್ಕೆ ತಂತಿ ಬರುತ್ತದೆ."

"ನಿನ್ನ ನಾಲಗೆ ಸರ್ಕಾರದ್ದು."

"ಕಾಲು ನಂದು. ಸರಿ ಪಕ್ಕಕ್ಕೆ."

ಇಷ್ಟು ಹೇಳಿ ನಡೆದೇಬಿಟ್ಟರು. ಮನವೊಲಿಸುವ ಕಲೆಯನ್ನು ಅವರು ಅಭ್ಯಾಸ ಮಾಡಿರಲಿಲ್ಲ. ಮೊದಲ ಕಲ್ಲು ನನ್ನ ಬೆನ್ನಿನ ಹಲಗೆಗೆ ತಾಗಿತು; ಆ ಹಲಗೆಯಿಂದ ನನಗಾದ ಏಕೈಕ ಉಪಕಾರ ಅದು. ಎರಡನೆಯದು ಅವರ ಹುಬ್ಬಿನ ಮೇಲೆ, ಸುಕ್ಕಿಲ್ಲದ ಕಡೆ, ಬಿತ್ತು. ಟವೆಲಿನಿಂದ ರಕ್ತ ಒರೆಸಿಕೊಂಡು, ತಿರುಗಿ ನೋಡದೆ, ಟವೆಲನ್ನು ಹಣೆಗೆ ಸುತ್ತಿಕೊಂಡು ಇಳಿದರು. ಮೂರನೆಯ ಕಲ್ಲು ಬರಲಿಲ್ಲ. ರಕ್ತ ಕಂಡ ಮೇಲೆ ಹಟ್ಟಿಯವರೂ ಹೆದರಿದರೇನೋ. ಗುರವಯ್ಯ ಮಾತ್ರ ನಮ್ಮ ತಲೆಯ ಮೇಲಿನ ಬಂಡೆಸಾಲಿನಲ್ಲಿ ಉದ್ದಕ್ಕೂ ಜೊತೆಗೆ ನಡೆದು ಬಂದ, ಬೈಯುತ್ತ.

ಅರ್ಧ ಇಳಿದ ಮೇಲೆ ದಾರಿ ಸಿಕ್ಕಿತು. ಬಂಡೆಯ ಮೇಲೆ ಗೊರಸುಗಳು ತಲೆತಲಾಂತರದಿಂದ ತಿಕ್ಕಿ ಮಾಡಿದ, ನೀರು ನಿಲ್ಲುವಷ್ಟು ತಗ್ಗಾದ ದಾರಿ. ಅದನ್ನು ದುರ್ಬೀನು ಹೇಗೆ ಕಂಡೀತು? ತಳದಲ್ಲಿ, ಮೇಲಿಂದ ಕಾಣದಂತೆ ಬಾಗಿದ ಒಂದು ಬಂಡೆಯ ಕೆಳಗೆ, ನಾಲ್ಕು ಈಚಲು ಮರ, ಒಂದು ಒರತೆ. ಸುತ್ತ ಕಲ್ಲು ಕೊರೆದು ಮಾಡಿದ ಉದ್ದನೆಯ ತೊಟ್ಟಿಗಳು, ಅಂಚುಗಳೆಲ್ಲ ಆಡಿನ ಕತ್ತು ಉಜ್ಜಿ ನುಣುಪಾಗಿದ್ದವು. ಮೇ ತಿಂಗಳು. ನೀರು ತಣ್ಣಗಿತ್ತು. ನಾನು ಹಲಗೆ ಇಳಿಸಿ ಬೋರಲು ಬಿದ್ದು ಕುಡಿದೆ.

ಅವರು ಕುಡಿಯಲಿಲ್ಲ. ಪ್ಯಾಂಟು ಮಡಿಸಿ ನೀರಿಗಿಳಿದು, ಅಳತೆಗೋಲು ಇಟ್ಟು ನೋಡಿದರು. ಹಲಗೆ ನಿಲ್ಲಿಸಿದರು. ದಾರಿಯನ್ನು ತುದಿಯಿಂದ ಬುಡಕ್ಕೆ ಒಮ್ಮೆ, ಬುಡದಿಂದ ತುದಿಗೆ ಒಮ್ಮೆ ನಡೆದರು. ಆಮೇಲೆ ನನ್ನ ಕೈಗೆ ರಬ್ಬರು ಕೊಟ್ಟರು.

"ನಿನ್ನ ಕೊರಕಲು ನೀನೇ ಅಳಿಸು. ಹುಟ್ಟಿಸಿದೋನೇ ದಹನ ಮಾಡಬೇಕು."

ಬಂಡೆಯ ಮೇಲಿಂದ ಗುರವಯ್ಯ ನೋಡುತ್ತಿದ್ದ. ಅವನ ಪ್ರಕಾರ ನಾವು ಅವನ ನೀರನ್ನು ಅಲ್ಲಿ, ಅವನ ಕಣ್ಣೆದುರಿಗೇ, ಕಾಗದಕ್ಕೆ ಎತ್ತಿಕೊಳ್ಳುತ್ತಿದ್ದೆವು. ವಾಪಸು ಬರುವಾಗ ನಮ್ಮ ದಾರಿಗೆ ಉಗಿದ.

ಆ ವರ್ಷದ ನನ್ನ ಗೋಪ್ಯ ವರದಿಯಲ್ಲಿ ಪಡತಾಳದವರು ಬರೆದದ್ದು ಒಂದೇ ಸಾಲು: ಗೆರೆ ಚೆನ್ನ, ಕಾಲು ಸಾಲದು. ಎಸ್ಟಾಬ್ಲಿಷ್‌ಮೆಂಟ್ ಗುಮಾಸ್ತನೊಬ್ಬ ಸ್ನೇಹದಿಂದ ತೋರಿಸಿದ. ನನ್ನ ಬಡ್ತಿ ಆ ವರ್ಷವೇ ಇತ್ತು. ವಿಶಾಖಪಟ್ಟಣದ ಬ್ಯಾಂಕಿನ ಮೂವರು ಕನ್ನಡಿಗರಿಗೆ ಹೇಳಿ ಅವರ ಸಹಾನುಭೂತಿಯನ್ನೂ ಎರಡೆರಡು ಕಾಫಿಯನ್ನೂ ಸಂಪಾದಿಸಿದೆ. ಆ ಮನುಷ್ಯ ಹಾಳಾಗಲಿ ಎಂದು ಮನಸಾರೆ ಹಾರೈಸಿದೆ.

ಅವಕಾಶವೂ ಬಂತು. ಹೊಸ ಶೀಟು ನೋಡಿ ಗಿಡ ನೆಡುವ ಯೋಜನೆಯವರು ತಕರಾರು ಎತ್ತಿದರು. ಅವರ ಬೇಲಿಯ ನಟ್ಟನಡುವೆ ಒಂದು ಆಡಿನ ದಾರಿ ಹಾದುಹೋಗಿತ್ತು. ದ್ವಾರಕಾ ನಗರದ ಕಚೇರಿಯಲ್ಲಿ ಸಭೆ ಸೇರಿತು. ನಮ್ಮ ದೊಡ್ಡ ಸಾಹೇಬರು ಶಾಂತಸ್ವಭಾವದವರು; ಜಗಳವಾಗದಿದ್ದರೆ ಯಾವ ಸತ್ಯಕ್ಕೂ ಅಡ್ಡಬರುವವರಲ್ಲ.

"ಇಷ್ಟು ದೊಡ್ಡ ಶೀಟಿನಲ್ಲಿ ಒಂದು ಒರತೆ, ಒಂದು ಸೀಳುದಾರಿ. ಇವಿಲ್ಲದಿದ್ದರೆ ದೇಶ ಮುಳುಗುತ್ತದೇನ್ರೀ?" ಎಂದರು.

"ದೇಶ ಮುಳುಗೋದಿಲ್ಲ ಸಾರ್," ಎಂದರು ಪಡತಾಳದವರು. "ಆಡು ಸಾಯ್ತವೆ."

ದೊಡ್ಡ ಸಾಹೇಬರು ನನ್ನ ಕಡೆ ತಿರುಗಿದರು. ಬಹಳ ವಾತ್ಸಲ್ಯದಿಂದ ತಿರುಗಿದರು. "ನೀನು ಹೇಳಪ್ಪ. ನಿನ್ನ ಮೊದಲ ಡ್ರಾಯಿಂಗಿನಲ್ಲಿ ನೀರಿರಲಿಲ್ಲವಂತೆ. ಎಲ್ಲೋ ಎರಡು ದಿನ ಒಸರಿದ್ದನ್ನು ಇವರು ಒರತೆ ಅಂದುಕೊಂಡಿರಬಹುದು. ನಿನ್ನ ಮೊದಲನೆಯದೇ ಸರಿ ಅನ್ನೋದಾದರೆ ಹೇಳು. ನಿನ್ನ ಬಡ್ತಿಯ ಫೈಲೂ ನನ್ನ ಮೇಜಿನ ಮೇಲೇ ಇದೆ."

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಸರ್ಕಾರ ನನಗೆ ಎಂದೂ ಕೇಳಿರಲಿಲ್ಲ. ಹೂಂ ಎಂದರೆ ಬಡ್ತಿ, ಮೇಲಾಗಿ ಆ ಮನುಷ್ಯನ ಮುಖಭಂಗ. ಅವರು ನನ್ನನ್ನು ನೋಡುತ್ತಲೂ ಇರಲಿಲ್ಲ. ಕಿಟಕಿಯಾಚೆ ಏನನ್ನೋ ನೋಡುತ್ತಿದ್ದರು. ನಾನು ಹೂಂ ಎನ್ನಲೆಂದೇ ಬಾಯಿ ತೆರೆದೆ. ಆದರೆ ಆ ನೀರು ಕುಡಿದಿದ್ದೆ. ಕುಡಿದ ನೀರನ್ನು ಇಲ್ಲವೆನ್ನುವುದು ನಾನು ಅಂದುಕೊಂಡಷ್ಟು ಸುಲಭವಾಗಲಿಲ್ಲ.

"ಮೊದಲನೆಯದು ನಾನು ಹೋಗದೆ ಬರೆದದ್ದು ಸಾರ್," ಎಂದೆ. "ಆಮೇಲೆ ಇಳಿದು ನೋಡಿದೆ. ದಾರಿ ಇದೆ. ಮೇ ತಿಂಗಳಲ್ಲೂ ನೀರಿದೆ. ಕುಡಿದಿದ್ದೇನೆ."

ಸಭೆ ಮುಗಿಯಿತು. ಶೀಟು ಇದ್ದ ಹಾಗೇ ಉಳಿಯಿತು. ನನ್ನ ಬಡ್ತಿಯೂ ಇದ್ದಲ್ಲೇ ಉಳಿಯಿತು, ಮೂರು ವರ್ಷ. ಹೊರಗೆ ಹಜಾರದಲ್ಲಿ ಪಡತಾಳದವರು ನನ್ನನ್ನು ತಡೆದು ನಿಲ್ಲಿಸಿದರು. ಒಂದು ಒಳ್ಳೆಯ ಮಾತು ಬರಬಹುದೆಂದು, ನಾಚಿಕೆಯಿಲ್ಲದೆ, ಕಾದೆ.

"ಆಳ ಯಾಕ ಹೇಳಲಿಲ್ಲ?"

"ಸಾರ್?"

"ನೀರು ಮೊಣಕಾಲ ಮಟ ಐತಿ. ಒರತೆ ಅಂದ್ರ ಅವರು ಅಂಗೈಯಗಲ ಅಂತ ತಿಳೀತಾರ. ಅರ್ಧ ಹೇಳಿ ಬಂದಿಯಲ್ಲಪಾ."

ಇಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಆಮೇಲೆ ಎರಡು ಸೀಜನ್ನು ಅವರ ಕೈಕೆಳಗೇ ಬಿಸಿಲು ಕಾದೆ. ಅವರು ಬೈಯುವುದು ಬಿಡಲಿಲ್ಲ. ನಾನು ಶಪಿಸುವುದು ಬಿಡಲಿಲ್ಲ. ಒಂದೇ ವ್ಯತ್ಯಾಸವೆಂದರೆ, ಅವರು ಪಡತಾಳಕ್ಕೆ ಬಂದಾಗ ನನ್ನ ಶೀಟಿನಲ್ಲಿ ತಪ್ಪು ಸಿಗದೆ ಅವರ ದಿನ ಹಾಳಾಗಲಿ ಎಂಬ ಒಂದೇ ದುರುದ್ದೇಶದಿಂದ ನಾನು ಪ್ರತಿಯೊಂದು ಹಳ್ಳವನ್ನೂ ಇಳಿದು ಹತ್ತಲು ಶುರುಮಾಡಿದೆ. ದ್ವೇಷದಿಂದ ಇಷ್ಟು ನಡೆಯಬಹುದೆಂದು ನನಗೇ ಗೊತ್ತಿರಲಿಲ್ಲ.

ಅವರು ನಿವೃತ್ತರಾಗಿ ವಿಜಯವಾಡದಲ್ಲಿ ಮನೆ ಮಾಡಿದರು. ತೊಂಬತ್ತರ ದಶಕದ ಮೊದಲಿಗೆ ನನಗೂ ಅಲ್ಲಿಗೆ ವರ್ಗವಾಯಿತು. ಯೋಜನೆಯ ಕಾಗದ ಅಷ್ಟು ವರ್ಷ ಊರೂರು ಸುತ್ತಿ ಕಡೆಗೊಂದು ದಿನ ಆದೇಶವಾಗಿ ನನ್ನ ಮೇಜಿಗೆ ಬಂತು. ಬೆಟ್ಟಕ್ಕೆ ಬೇಲಿ ಹಾಕುವುದು. ನಕ್ಷೆಯಲ್ಲಿ ತೋರಿಸಿದ ಕೊರಕಲಿನ ದಾರಿ ಮತ್ತು ನೀರನ್ನು ಹೊರತುಪಡಿಸಿ. ಬೇಲಿಯ ಕೆಲಸ ಆಗಲೇ ಮುಗಿದಿದೆಯೆಂದೂ ಬರೆದಿತ್ತು. ಅದೇ ವಾರ ಪಡತಾಳದವರನ್ನು ಬೆಂಜ್ ಸರ್ಕಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದ್ದಾರೆಂದು ಕೇಳಿದೆ.

ಹೋದೆ. ಹಾಸಿಗೆಯ ಮೇಲೆ ಅರ್ಧದಷ್ಟಾಗಿದ್ದರು. ಪಕ್ಕದಲ್ಲಿ ಅವರ ಹೆಂಡತಿ, "ಕುಂದರ್ರಿ," ಎಂದು ಸ್ಟೂಲು ಸರಿಸಿದರು. ಸುದ್ದಿ ಹೇಳಿದೆ. ಜನ್ಮದಲ್ಲೊಮ್ಮೆ ಆ ಮುಖದಲ್ಲಿ ಸಂತೋಷ ನೋಡೋಣವೆಂದು ಎದುರಿಗೇ ಕೂತಿದ್ದೆ.

"ಎಷ್ಟು ಅಗಲ ಬಿಟ್ಟಾರ?" ದನಿ ಪಿಸುಮಾತಾಗಿತ್ತು.

"ಆರ್ಡರಲ್ಲಿ ಅಗಲ ಹಾಕಿಲ್ಲ ಸಾರ್. ನಕ್ಷೆಯಂತೆ ಅಂತಿದೆ."

"ನಕ್ಷೆಯಾಗ ದಾರಿ ಒಂದು ಗೆರೆ. ಗೆರೆಯಷ್ಟಗಲ ಬಿಟ್ಟಿದ್ರೆ? ಒಂದು ಆಡು ಒಂದು ಸಲಕ್ಕೆ ಹೋಗಬೇಕಾ? ಮಂದೆ ಹೋಗೋದು ಬ್ಯಾಡವಾ?" ಉಸಿರು ಸಾಲದೆ ಮಾತು ನಿಲ್ಲಿಸಿದರು. "ನೋಡಿ ಬಂದಿಯೇನು?"

"ಇಲ್ಲ ಸಾರ್. ನಿನ್ನೆ ತಾನೇ ಕಾಗದ ಬಂತು, ಅದಕ್ಕೆ—"

"ಮತ್ತೆ ಇಲ್ಲಿಗ್ಯಾಕ ಬಂದಿ?" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಸಾಯುವ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಬಾರದು. ಬಂತು. ಆಸ್ಪತ್ರೆಯಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗಿ, ಟಾರು ಮುಗಿಯುವವರೆಗೆ ಬಸ್ಸಿನಲ್ಲಿ, ಅಲ್ಲಿಂದ ಒಂದು ಕಲ್ಲು ಸಾಗಿಸುವ ಟ್ರಾಕ್ಟರಿನಲ್ಲಿ, ಅಲ್ಲಿಂದ ಕಾಲ್ನಡಿಗೆಯಲ್ಲಿ ಹೋದೆ. ದಾರಿಯುದ್ದಕ್ಕೂ ಅವರಿಗೆ ಕೊಡಬಹುದಾಗಿದ್ದ ಉತ್ತರಗಳನ್ನು ತಿದ್ದಿ ತೀಡಿದೆ. ಮರುದಿನ ಬೆಳಿಗ್ಗೆ ಏಣಿನ ಮೇಲೆ ನಿಂತಾಗ ಬೇಲಿ ಕಂಡಿತು. ಕಲ್ಲುಕಂಬ, ಮುಳ್ಳುತಂತಿ, ಬೆಟ್ಟದ ಮೈಯುದ್ದಕ್ಕೂ. ಕೊರಕಲಿನ ಬಾಯಲ್ಲಿ ಆ ಬೇಲಿ ಎರಡಾಗಿ ಸೀಳಿ, ದಾರಿಯ ಎರಡೂ ಪಕ್ಕದಲ್ಲಿ ಇಳಿದು, ಒರತೆಯನ್ನು ದೂರದಿಂದ ಬಳಸಿಕೊಂಡು ಹೋಗಿತ್ತು. ನಡುವೆ ಹಟ್ಟಿಯ ಆಡುಗಳು ಮಂದೆಯಾಗಿಯೇ ಇಳಿಯುತ್ತಿದ್ದವು.

ಗುರವಯ್ಯ ಹಣ್ಣಾಗಿದ್ದ. ನನ್ನ ಗುರುತು ಹಿಡಿದ, ನಮಸ್ಕಾರ ಮಾಡಲಿಲ್ಲ.

"ಮತ್ತೆ ಬಂದೆಯಾ? ಇನ್ನೇನು ಬರ್ಕೊಳ್ಳೋದಿದೆ?"

"ದಾರಿ ಬಿಟ್ಟಿದ್ದಾರಲ್ಲ," ಎಂದೆ.

"ಬಿಟ್ಟರೇನು? ನಾವು ಜಗಳ ಆಡಿ ಬಿಡಿಸಿಕೊಂಡ್ವಿ. ಆ ನಿಮ್ಮ ಮುದುಕ ಬಂದು ಬರ್ಕೊಂಡು ಹೋಗಿರಲಿಲ್ಲ ಅಂದ್ರೆ ಈ ತಂತಿಯೇ ಬರುತ್ತಿರಲಿಲ್ಲ. ಅವನಿಗೆ ಇನ್ನೊಂದು ಕಲ್ಲು ಹಾಕಬೇಕಿತ್ತು."

ಹೇಳಲು ಹೊರಟೆ. ಎರಡು ಸಾಲಿನ ಸೂಚನೆ, ದ್ವಾರಕಾ ನಗರದ ಸಭೆ, ನನ್ನ ಮೂರು ವರ್ಷ. ಗುರವಯ್ಯ ಆಗಲೇ ಆಡುಗಳ ಹಿಂದೆ ಹೋಗಿಬಿಟ್ಟಿದ್ದ. ನನ್ನ ಹತ್ತಿರ ಟೇಪು ಇರಲಿಲ್ಲ. ಎರಡು ಬೇಲಿಗಳ ನಡುವಿನ ಅಗಲವನ್ನು ಹೆಜ್ಜೆ ಹಾಕಿ ಅಳೆದೆ, ಮೇಲೆ ಒಂದು ಕಡೆ, ತಳದಲ್ಲಿ ಒಂದು ಕಡೆ. ಎರಡರಲ್ಲಿ ಕಡಿಮೆಯದು ಇಪ್ಪತ್ತೆರಡು ಹೆಜ್ಜೆ.

ವಿಜಯವಾಡಕ್ಕೆ ಮರಳಿದಾಗ ಆಸ್ಪತ್ರೆಯ ಆ ಹಾಸಿಗೆಯ ಮೇಲೆ ಬೇರೆ ಯಾರೋ ಇದ್ದರು. ಪಡತಾಳದವರು ಹಿಂದಿನ ದಿನವೇ ಹೋಗಿದ್ದರು. ಕೃಷ್ಣೆಯ ದಡದಲ್ಲಿ ಎಲ್ಲ ಮುಗಿದಿತ್ತು. ವಿಳಾಸ ಕೇಳಿಕೊಂಡು ಮನೆಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ಕೂತಿದ್ದರು. ಇಂಥ ಸಮಯದಲ್ಲಿ ಆಡಬೇಕಾದ ಮಾತುಗಳು ನನಗೆ ಗೊತ್ತಿವೆ. ಅವು ಯಾವುವೂ ಬಾಯಿಗೆ ಬರಲಿಲ್ಲ.

"ಅಮ್ಮ, ಇಪ್ಪತ್ತೆರಡು ಹೆಜ್ಜೆ ಬಿಟ್ಟಿದ್ದಾರೆ. ಮಂದೆ ಹೋಗುತ್ತೆ," ಎಂದೆ.

ಅವರು ನನ್ನ ಧೂಳು ಹಿಡಿದ ಚಪ್ಪಲಿ ನೋಡಿದರು, ಮುಳ್ಳು ಗೀಚಿದ ಕೈ ನೋಡಿದರು.

"ಅವರಿದ್ದಿದ್ರ ಅಷ್ಟಕ್ಕ ಒಪ್ತಿರಲಿಲ್ಲ ಬಿಡ್ರಿ," ಎಂದರು. "ಯಾರ ಹೆಜ್ಜಿ ಅಂತ ಕೇಳೋರು."

"ನನ್ನವೇ ಅಮ್ಮ," ಎಂದೆ.